ಕುಸಿದುಬಿದ್ದವರಿಗೆ ಫೈರ್ ಇಂಜಿನ್ ಯಾಕೆ?

ಪ್ರಶ್ನೆ: ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಊರಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ಸಂಜೆ ಪಕ್ಕದ ಮನೆಯ ಹಿರಿಯರು ಊಟದ ಮೇಜಿನ ಹತ್ತಿರ ಕುಸಿದುಬಿದ್ದರು. ಅವರ ಸೊಸೆ 911ಕ್ಕೆ ಫೋನ್ ಮಾಡಿದರು. ಮೊದಲು ಬಂದು ನಿಂತದ್ದು ದೊಡ್ಡದೊಂದು ಕೆಂಪು ಫೈರ್ ಇಂಜಿನ್! ಅದರ ಬೆನ್ನಿಗೆ ಒಂದು ಆಂಬುಲೆನ್ಸ್, ಸ್ವಲ್ಪ ಹೊತ್ತಿಗೆ ಇನ್ನೊಂದು. ಬೆಂಕಿ ಇಲ್ಲ, ಹೊಗೆ ಇಲ್ಲ, ಫೈರ್‌ನವರಿಗೆ ಅಲ್ಲೇನು ಕೆಲಸ? ಏಳೆಂಟು ಜನ ಒಂದೇ ಕೋಣೆಯಲ್ಲಿ ಸೇರಿದ್ದರೂ ಗಲಾಟೆ ಇರಲಿಲ್ಲ. ಅವರಲ್ಲಿ ಯಾರ ಮಾತು ಯಾರು ಕೇಳಬೇಕು? ನಮ್ಮ ಕರ್ನಾಟಕದಲ್ಲಿ ಹೀಗೆ ಮಾಡಲು ಆಗುವುದಿಲ್ಲವೇ? ಇನ್ನೊಂದು ಸಣ್ಣ ಅನುಮಾನ: ಅವರಲ್ಲಿ ಒಬ್ಬರು ಮನೆಯವರಿಂದ ಮಾತ್ರೆ ಡಬ್ಬಿಗಳನ್ನೆಲ್ಲ ಕೇಳಿ ತೆಗೆದುಕೊಂಡರು. ಅದು ಯಾಕೆ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಈ ದೃಶ್ಯವನ್ನು ನೋಡಿದ್ದು ಅದಕ್ಕೆ ತಕ್ಕ ಊರಲ್ಲೇ. ಬೆಲ್‌ವ್ಯೂ ಇರುವುದು ಕಿಂಗ್ ಕೌಂಟಿಯಲ್ಲಿ, ಸಿಯಾಟಲ್ ನಗರದ ಮಗ್ಗುಲಲ್ಲಿ. ಅಗ್ನಿಶಾಮಕದವರೂ ಆಂಬುಲೆನ್ಸ್‌ನವರೂ ಒಬ್ಬ ರೋಗಿಯ ಸುತ್ತ ಹೇಗೆ ಕೆಲಸ ಹಂಚಿಕೊಳ್ಳಬೇಕು ಎಂಬುದನ್ನು ಐವತ್ತು ವರ್ಷಗಳಿಂದ ತಿದ್ದಿ ತೀಡಿ ರೂಢಿಸಿಕೊಂಡ ಪ್ರದೇಶ ಅದು. ಜಗತ್ತಿನ ಎಷ್ಟೋ ಕಡೆಯಿಂದ ಜನ ಅದನ್ನು ಕಲಿಯಲೆಂದೇ ಅಲ್ಲಿಗೆ ಹೋಗುತ್ತಾರೆ.

ಫೈರ್ ಇಂಜಿನ್ ಮೊದಲು ಬಂದದ್ದು ಅದು ಹತ್ತಿರವಿತ್ತು ಎಂಬ ಕಾರಣಕ್ಕೆ. ಜೊತೆಗೆ, ಆ ವಾಹನದಲ್ಲಿ ಕೆಲಸ ಬಲ್ಲ ಮೂರು ಜೊತೆ ಕೈಗಳಿದ್ದವು. ಉಳಿದದ್ದೆಲ್ಲ ಈ ಎರಡು ಕಾರಣಗಳ ವಿಸ್ತರಣೆ.

ಹೃದಯ ಬಡಿತ ನಿಂತರೆ ನಾಲ್ಕರಿಂದ ಆರು ನಿಮಿಷದೊಳಗೆ ಮೆದುಳಿಗೆ ಹಾನಿ ಶುರುವಾಗುತ್ತದೆ. ಎದೆ ಒತ್ತದೆ ಬಿಟ್ಟ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತ ಹೋಗುತ್ತದೆ. ಇದು ಹೃದಯ ಸ್ತಂಭನದ ಲೆಕ್ಕ. ಹೃದಯಾಘಾತ ಬೇರೆ. ಆಘಾತದಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿರುತ್ತದೆ, ರೋಗಿಗೆ ಬೆವರುತ್ತದೆ, ನೋವೆನ್ನುತ್ತಾರೆ, ಮಾತಾಡುತ್ತಾರೆ. ಸ್ತಂಭನದಲ್ಲಿ ಬಡಿತವೇ ನಿಂತು ಮನುಷ್ಯ ಕುಸಿಯುತ್ತಾನೆ. ಆಘಾತ ಸ್ತಂಭನಕ್ಕೆ ತಿರುಗಬಹುದು, ಆದರೆ ಎರಡೂ ಒಂದೇ ಎಂದು ತಿಳಿದರೆ ಮುಂದಿನದು ಅರ್ಥವಾಗುವುದಿಲ್ಲ.

ಈಗ ಆಂಬುಲೆನ್ಸ್ ಎಲ್ಲಿರುತ್ತದೆ ಯೋಚಿಸಿ. ಒಂದು ಕರೆಗೆ ಹೋದರೆ ರೋಗಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಒಪ್ಪಿಸಬೇಕು, ಗಾಡಿ ತೊಳೆದು ಸಾಮಾನು ತುಂಬಿಸಿಕೊಂಡು ಹೊರಡಬೇಕು. ಅಷ್ಟು ಹೊತ್ತು ಅದು ಇನ್ಯಾರಿಗೂ ಸಿಗುವುದಿಲ್ಲ. ಫೈರ್ ಸ್ಟೇಷನ್‌ಗಳ ಕಥೆ ಹಾಗಲ್ಲ. ಬೆಂಕಿ ಹಬ್ಬುವ ವೇಗವನ್ನು ನೋಡಿಕೊಂಡು, ನಗರದ ಯಾವ ಮೂಲೆಗಾದರೂ ಕೆಲವೇ ನಿಮಿಷದಲ್ಲಿ ಮುಟ್ಟುವಂತೆ ಅವನ್ನು ಮೊದಲೇ ಹರಡಿ ಕಟ್ಟಿರುತ್ತಾರೆ. ಒಳಗೆ ಇಪ್ಪತ್ತನಾಲ್ಕು ಗಂಟೆಯೂ ಜನ ಇರುತ್ತಾರೆ. ಹೊಗೆ ಪತ್ತೆಹಚ್ಚುವ ಸಾಧನಗಳೂ ಬಿಗಿಯಾದ ಕಟ್ಟಡ ನಿಯಮಗಳೂ ಬಂದ ಮೇಲೆ ಅಮೆರಿಕದಲ್ಲಿ ಮನೆಗಳಿಗೆ ಬೆಂಕಿ ಬೀಳುವುದು ಬಹಳ ಕಡಿಮೆಯಾಯಿತು. ಇವತ್ತು ಅಲ್ಲಿನ ಅಗ್ನಿಶಾಮಕ ಇಲಾಖೆಗಳಿಗೆ ಬರುವ ಹತ್ತು ಕರೆಗಳಲ್ಲಿ ಆರಕ್ಕೂ ಹೆಚ್ಚು ವೈದ್ಯಕೀಯ ಕರೆಗಳು. ನಿಜವಾದ ಬೆಂಕಿಯ ಕರೆಗಳು ನೂರಕ್ಕೆ ಐದನ್ನೂ ಮುಟ್ಟುವುದಿಲ್ಲ. ಸ್ಟೇಷನ್ ಇದೆ, ಜನ ಇದ್ದಾರೆ, ಸೈರನ್ ಇದೆ. ಅವರಿಗೆ ಎದೆ ಒತ್ತುವುದನ್ನೂ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಎಇಡಿ ಯಂತ್ರ ಬಳಸುವುದನ್ನೂ ಕಲಿಸಿದರೆ ಆ ಅಮೂಲ್ಯ ನಿಮಿಷಗಳು ಉಳಿಯುತ್ತವೆ. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಸ್ಥೆಯ ಮಾನದಂಡವೂ ಇದನ್ನೇ ಹೇಳುತ್ತದೆ: ಎಇಡಿ ಹಿಡಿದ ಮೊದಲ ತಂಡ ಹೊರಟ ನಾಲ್ಕು ನಿಮಿಷದೊಳಗೆ ಮುಟ್ಟಬೇಕು, ಔಷಧಿ ಮತ್ತು ಹೆಚ್ಚಿನ ಚಿಕಿತ್ಸೆ ಬಲ್ಲ ತಂಡ ಎಂಟು ನಿಮಿಷದೊಳಗೆ.

ಇದು ಮೊದಲಿಂದಲೂ ಹೀಗಿತ್ತೆಂದು ಭಾವಿಸಬೇಡಿ. 1960ರ ದಶಕದಲ್ಲಿ ಅಮೆರಿಕದ ಅರ್ಧದಷ್ಟು ಊರುಗಳಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರು ಶವಸಂಸ್ಕಾರದ ಅಂಗಡಿಯವರು. ಮಲಗಿದ ಮನುಷ್ಯನನ್ನು ಸಾಗಿಸುವಷ್ಟು ಉದ್ದದ ಗಾಡಿ ಇದ್ದದ್ದು ಅವರ ಬಳಿಯೇ. ಗಾಯಾಳುವಿಗೂ ಅದೇ ಗಾಡಿ, ಹೆಣಕ್ಕೂ ಅದೇ ಗಾಡಿ. ಒಳಗೆ ಚಿಕಿತ್ಸೆ ಬಲ್ಲವರು ಯಾರೂ ಇರುತ್ತಿರಲಿಲ್ಲ. 1966ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಈ ದುಃಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ವರದಿಯಲ್ಲಿ ಬರೆಯಿತು. ಅದೇ ವರ್ಷ ಅಟ್ಲಾಂಟಿಕ್‌ನ ಆಚೆ, ಬೆಲ್‌ಫಾಸ್ಟ್‌ನ ಹೃದ್ರೋಗ ತಜ್ಞ ಫ್ರಾಂಕ್ ಪ್ಯಾಂಟ್ರಿಡ್ಜ್ ಹೊಸ ಪ್ರಯೋಗಕ್ಕೆ ಕೈಹಾಕಿದ್ದರು. ರೋಗಿ ಆಸ್ಪತ್ರೆಗೆ ಬರುವವರೆಗೆ ಕಾಯದೆ, ಶಾಕ್ ಕೊಡುವ ಯಂತ್ರವನ್ನು ವಾಹನದ ಬ್ಯಾಟರಿಗಳಿಗೆ ಜೋಡಿಸಿ ಅದನ್ನೇ ರೋಗಿಯ ಮನೆಬಾಗಿಲಿಗೆ ಒಯ್ದರು. ಆ ಯಂತ್ರ ಒಬ್ಬ ಆಳಿನಷ್ಟು ಭಾರವಿತ್ತು.

ಸಿಯಾಟಲ್‌ನ ಹಾರ್ಬರ್‌ವ್ಯೂ ಆಸ್ಪತ್ರೆಯ ಡಾ. ಲಿಯೊನಾರ್ಡ್ ಕಾಬ್ ಅವರು ಬೆಲ್‌ಫಾಸ್ಟ್‌ನ ಈ ಪ್ರಯೋಗದ ಸುದ್ದಿ ಓದಿ ಹೋಗಿ ಕಂಡದ್ದು ನಗರದ ಅಗ್ನಿಶಾಮಕ ಮುಖ್ಯಸ್ಥ ಗಾರ್ಡನ್ ವಿಕರಿಯವರನ್ನು. ಅಲ್ಲಿನ ಫೈರ್‌ನವರು ಆಗಲೇ ಪ್ರಥಮ ಚಿಕಿತ್ಸೆಯ ಕರೆಗಳಿಗೆ ಹೋಗುತ್ತಿದ್ದರು. ಇಬ್ಬರೂ ಸೇರಿ 1970ರ ಮಾರ್ಚ್‌ನಲ್ಲಿ ಮೆಡಿಕ್ ಒನ್ ಎಂಬ ಸೇವೆ ಶುರುಮಾಡಿದರು. ಅದರ ಮೊದಲ ವಾಹನ ಪ್ರವಾಸಕ್ಕೆ ಬಳಸುವ ವಿನ್ನಬೇಗೊ ಎಂಬ ಮನೆಗಾಡಿ. ದಪ್ಪ ಮೈಯ ಆ ಗಾಡಿಗೆ ಊರವರು ಪ್ರೀತಿಯಿಂದ ಇಟ್ಟ ಹೆಸರು ಮೋಬಿ ಪಿಗ್. ಗಾಡಿಯನ್ನು ಇಟ್ಟದ್ದು ಆಸ್ಪತ್ರೆಯಲ್ಲಿ, ಒಳಗಿದ್ದವರು ಹೃದ್ರೋಗ ಚಿಕಿತ್ಸೆ ಕಲಿತ ಅಗ್ನಿಶಾಮಕ ಸಿಬ್ಬಂದಿ. ಹತ್ತಿರದ ಫೈರ್ ಇಂಜಿನ್ ಮೊದಲು ಹೋಗಿ ಎದೆ ಒತ್ತುತ್ತಿರಬೇಕು, ಹೆಚ್ಚು ಕಲಿತವರು ಹಿಂದಿನಿಂದ ಬಂದು ಸೇರಿಕೊಳ್ಳಬೇಕು ಎಂಬುದು ಅವರ ಲೆಕ್ಕ. ನೀವು ನೋಡಿದ್ದು ಅದೇ ಲೆಕ್ಕವನ್ನು. ಅದರ ಬೆನ್ನಿಗೇ ಅವರು ಇನ್ನೊಂದು ಹೆಜ್ಜೆ ಇಟ್ಟರು. ಫೈರ್ ಇಂಜಿನ್‌ಗಿಂತಲೂ ಹತ್ತಿರ ಇರುವವರು ಮನೆಯವರೇ ತಾನೇ? ಹಾಗಾಗಿ ಊರಿನ ಸಾಮಾನ್ಯ ಜನರಿಗೆ ಎದೆ ಒತ್ತುವುದನ್ನು ಕಲಿಸತೊಡಗಿದರು. ಕೆಲವೇ ವರ್ಷಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಕಲಿತರು.

ಈ ಚರಿತ್ರೆಯಲ್ಲಿ ಪಿಟ್ಸ್‌ಬರ್ಗ್‌ನ ಫ್ರೀಡಂ ಹೌಸ್ ಹೆಸರನ್ನು ಬಿಟ್ಟರೆ ಅನ್ಯಾಯವಾಗುತ್ತದೆ. 1967ರಲ್ಲಿ ಡಾ. ಪೀಟರ್ ಸಫಾರ್ ಅಲ್ಲಿನ ಕಪ್ಪು ಜನರ ಕೇರಿಯ ನಿರುದ್ಯೋಗಿ ಯುವಕರಿಗೆ ತರಬೇತಿ ಕೊಟ್ಟು, ಅಮೆರಿಕದ ಮೊಟ್ಟಮೊದಲ ನುರಿತ ಆಂಬುಲೆನ್ಸ್ ತಂಡಗಳಲ್ಲಿ ಒಂದನ್ನು ಕಟ್ಟಿದರು. ಅವರ ಕೆಲಸ ಬೇರೆ ಊರುಗಳಿಗೆ ಮಾದರಿಯಾಯಿತು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಆರಂಭಿಸಿ ಫ್ರೀಡಂ ಹೌಸನ್ನು ಮುಚ್ಚಿಸಿತು. ಪ್ಯಾರಾಮೆಡಿಕ್ ಎಂಬ ವೃತ್ತಿಗೆ ದಾರಿ ಮಾಡಿಕೊಟ್ಟವರಲ್ಲಿ ಬಹಳಷ್ಟು ಜನ ಆ ವೃತ್ತಿಯಿಂದಲೇ ಹೊರಗುಳಿದರು. ಅವರ ಹೆಸರು ಅಮೆರಿಕದಲ್ಲೇ ಬಹುಕಾಲ ಯಾರಿಗೂ ಗೊತ್ತಿರಲಿಲ್ಲ.

ಇನ್ನು ಆ ಸಂಜೆಗೆ ಬರೋಣ. ಹೊಂದಾಣಿಕೆ ಶುರುವಾಗುವುದು ವಾಹನಗಳು ಬಂದು ನಿಂತ ಮೇಲೆ ಎಂದು ನಮಗೆ ಅನಿಸುತ್ತದೆ. ಅದು ಫೋನಿನಲ್ಲೇ ಶುರುವಾಗಿರುತ್ತದೆ. 911ರಲ್ಲಿ ಕರೆ ತೆಗೆದವರು ವಿಳಾಸ ಕೇಳುತ್ತಾರೆ, ಏನಾಯಿತೆಂದು ಕೇಳುತ್ತಾರೆ. ಕುಸಿದುಬಿದ್ದ ಕರೆಯಾದರೆ ಮುಖ್ಯವಾದ ಎರಡು ಪ್ರಶ್ನೆ: ಎಚ್ಚರ ಇದೆಯಾ? ಉಸಿರಾಟ ಸರಿಯಾಗಿದೆಯಾ? ಎರಡಕ್ಕೂ ಇಲ್ಲ ಎಂದರೆ ಮೂರನೆಯ ಪ್ರಶ್ನೆಗೆ ಕಾಯುವುದಿಲ್ಲ. ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈ ಇಟ್ಟು ಒತ್ತಿ, ನಾನು ಎಣಿಸುತ್ತೇನೆ ಎನ್ನುತ್ತಾರೆ. ಫೋನಿನಲ್ಲೇ ಎದೆ ಒತ್ತಿಸುವ ಈ ಪದ್ಧತಿಯನ್ನು 1980ರ ದಶಕದಲ್ಲಿ ಬೆಳೆಸಿದ್ದು ಇದೇ ಕಿಂಗ್ ಕೌಂಟಿಯವರು. ಇಲ್ಲಿ ಮನೆಯವರನ್ನು ಮೋಸಗೊಳಿಸುವ ಒಂದು ಸಂಗತಿ ಇದೆ. ಹೃದಯ ನಿಂತ ಮೇಲೂ ಕೆಲವು ನಿಮಿಷ ರೋಗಿ ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ, ಬಾಯಿ ತೆರೆದು ಉಸಿರೆಳೆದಂತೆ ಸದ್ದು ಮಾಡಬಹುದು. ಅದನ್ನು ನೋಡಿ ಉಸಿರು ಇದೆ ಎಂದು ಕೈಕಟ್ಟಿ ನಿಲ್ಲುವವರೇ ಹೆಚ್ಚು. ಕರೆ ತೆಗೆದವರು ಉಸಿರಾಟ ಸರಿಯಾಗಿದೆಯಾ ಎಂದು ಒತ್ತಿ ಕೇಳುವುದು ಇದಕ್ಕೇ.

ಈ ಮಾತು ನಡೆಯುತ್ತಿರುವಾಗಲೇ ಪಕ್ಕದಲ್ಲಿ ಕೂತವರು ವಾಹನಗಳನ್ನು ಹೊರಡಿಸಿರುತ್ತಾರೆ. ಎಲ್ಲ ಕರೆಗೂ ಎಲ್ಲರನ್ನೂ ಕಳಿಸುವುದಿಲ್ಲ. ಕೈ ಉಳುಕಿದರೆ ಒಂದೇ ಗಾಡಿ, ಎದೆನೋವಿಗೆ ಇಂಜಿನ್ ಜೊತೆ ಮೆಡಿಕ್ ಗಾಡಿ, ಹೃದಯ ನಿಂತಿದೆ ಎಂದರೆ ಎರಡು ಮೂರು ಗಾಡಿ ಒಟ್ಟಿಗೆ. ಯಾವುದಕ್ಕೆ ಯಾರು ಎಂಬುದನ್ನು ವೈದ್ಯರು ಮೊದಲೇ ಕೂತು ಬರೆದಿಟ್ಟಿರುತ್ತಾರೆ. ಕಿಂಗ್ ಕೌಂಟಿಯಲ್ಲಿ ಸಾಮಾನ್ಯವಾಗಿ ಇಂಜಿನ್‌ನಲ್ಲಿ ಬರುವವರು ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞರ ತರಬೇತಿ ಪಡೆದ ಅಗ್ನಿಶಾಮಕ ಸಿಬ್ಬಂದಿ. ಮೆಡಿಕ್ ಗಾಡಿಯಲ್ಲಿ ಇಬ್ಬರು ಪ್ಯಾರಾಮೆಡಿಕ್‌ಗಳು. ಇವರು ಹಾರ್ಬರ್‌ವ್ಯೂನಲ್ಲಿ ವೈದ್ಯರ ಕೈಕೆಳಗೆ ತಿಂಗಳುಗಟ್ಟಲೆ ಕಲಿತವರು. ಇಂಜಿನ್ ಮೊದಲು ಮುಟ್ಟಿ, ಗಂಭೀರವೇನಿಲ್ಲ ಎಂದು ಕಂಡರೆ ರೇಡಿಯೋದಲ್ಲಿ ಹೇಳಿ ಮೆಡಿಕ್ ಗಾಡಿಯನ್ನು ಅರ್ಧದಾರಿಯಿಂದಲೇ ವಾಪಸು ಕಳಿಸುತ್ತಾರೆ. ಆಗ ಅದು ಇನ್ನೊಬ್ಬರ ಮನೆಗೆ ಸಿಗುತ್ತದೆ. ಸ್ಥಿತಿ ಕೆಟ್ಟಿದ್ದರೆ ಇನ್ನೂ ಜನ ಬೇಕು ಎನ್ನುತ್ತಾರೆ.

ಕೋಣೆಯ ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡಿದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಕಾಣುತ್ತದೆ. ಮೊದಲು ಒಳಬಂದವರು ಕುರ್ಚಿ, ಮೇಜು ಸರಿಸಿ ರೋಗಿಯನ್ನು ವಿಶಾಲ ನೆಲಕ್ಕೆ ಎಳೆದುಕೊಳ್ಳುತ್ತಾರೆ. ಸೋಫಾಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡವರ ಎದೆಯನ್ನು ಸರಿಯಾಗಿ ಒತ್ತಲು ಯಾರಿಂದಲೂ ಆಗದು. ಇದಕ್ಕೆ ಹಿಡಿಯುವ ಹತ್ತು ಸೆಕೆಂಡು ನಷ್ಟವೆಂದು ಅವರು ಭಾವಿಸುವುದಿಲ್ಲ. ಒಬ್ಬರು ಎದೆಯ ಬದಿಗೆ ಮಂಡಿಯೂರುತ್ತಾರೆ. ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು, ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಇನ್ನೊಬ್ಬರು ಎದುರಿನ ಬದಿಯಲ್ಲಿ ಅಂಗಿ ಕತ್ತರಿಸಿ ಎಇಡಿಯ ಪಟ್ಟಿ ಅಂಟಿಸುತ್ತಾರೆ. ಮೂರನೆಯವರು ತಲೆಯ ಕಡೆ ಕೂತು ಬಾಯಿಗೆ ಮಾಸ್ಕ್ ಹಿಡಿದು ಗಾಳಿಚೀಲ ಅದುಮುತ್ತಾರೆ. ಒತ್ತುವವರು ಗಟ್ಟಿಯಾಗಿ ಎಣಿಸುತ್ತಿರುತ್ತಾರೆ. ಎರಡು ನಿಮಿಷವಾಗುತ್ತಲೇ ಎದುರಿದ್ದವರು ಒತ್ತಲು ಶುರು, ಒತ್ತುತ್ತಿದ್ದವರು ಇನ್ನೊಂದು ಕೆಲಸಕ್ಕೆ. ಎರಡು ನಿಮಿಷ ಕಳೆದರೆ ಎಂಥ ಗಟ್ಟಿಮುಟ್ಟಾದವರ ತೋಳೂ ಸೋಲುತ್ತದೆ, ತನಗೆ ಸುಸ್ತಾಗಿದೆ ಎಂದು ಅವರಿಗೇ ಗೊತ್ತಾಗುವ ಮೊದಲೇ ಆಳ ಕಡಿಮೆಯಾಗಿರುತ್ತದೆ. ಬದಲಾಗುವಾಗಲೂ ಶಾಕ್ ಕೊಡುವಾಗಲೂ ಕೈ ಎದೆಯಿಂದ ದೂರವಿರುವುದು ಹತ್ತು ಸೆಕೆಂಡಿಗಿಂತ ಹೆಚ್ಚಾಗಬಾರದು. ಒತ್ತುವುದು ನಿಂತರೆ ಹೃದಯದ ರಕ್ತನಾಳಗಳಲ್ಲಿ ಅಷ್ಟು ಹೊತ್ತು ಕಟ್ಟಿದ ಒತ್ತಡ ಕ್ಷಣದಲ್ಲಿ ಇಳಿದುಹೋಗುತ್ತದೆ, ಮತ್ತೆ ಕಟ್ಟಬೇಕಾದರೆ ಹಲವು ಸಲ ಒತ್ತಬೇಕು.

ಪ್ಯಾರಾಮೆಡಿಕ್‌ಗಳು ಬಂದಾಗ ಎಲ್ಲವನ್ನೂ ನಿಲ್ಲಿಸಿ ಮೊದಲಿಂದ ಶುರುಮಾಡುವುದಿಲ್ಲ. ಒತ್ತುವ ಕೈ ಒತ್ತುತ್ತಲೇ ಇರುತ್ತದೆ. ಇಂಜಿನ್‌ನ ಅಧಿಕಾರಿ ನಾಲ್ಕು ಮಾತಿನಲ್ಲಿ ಒಪ್ಪಿಸುತ್ತಾರೆ: ವಯಸ್ಸು ಇಷ್ಟು, ಬಿದ್ದದ್ದನ್ನು ಸೊಸೆ ನೋಡಿದ್ದಾರೆ, ಕೂಡಲೇ ಒತ್ತಲು ಶುರು ಮಾಡಿದ್ದಾರೆ, ನಾವು ಬಂದು ಐದು ನಿಮಿಷ, ಒಂದು ಶಾಕ್ ಆಗಿದೆ. ಒಬ್ಬ ಪ್ಯಾರಾಮೆಡಿಕ್ ಉಸಿರಿನ ನಾಳವನ್ನು ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ನರಕ್ಕೆ ಸೂಜಿ ಹಾಕಿ ಔಷಧಿ ಕೊಡುತ್ತಾರೆ. ಇಷ್ಟು ಹೊತ್ತಿನಲ್ಲಿ ಒಬ್ಬರು ಸಮಯ ಬರೆದುಕೊಳ್ಳುತ್ತಿರುತ್ತಾರೆ, ಒಬ್ಬರು ಮನೆಯವರ ಹತ್ತಿರ ನಿಂತು ಮಾತಾಡುತ್ತಿರುತ್ತಾರೆ. ಮನೆಯವರ ಜೊತೆ ನಿಲ್ಲುವ ಆ ಒಬ್ಬರ ಕೆಲಸವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಮಾವನ ಎದೆ ಒತ್ತಿ ತೋಳು ನೋಯುತ್ತಿರುವ, ಅಳುತ್ತಿರುವ ಹೆಣ್ಣುಮಗಳಿಗೆ ಈಗ ಏನು ನಡೆಯುತ್ತಿದೆ ಎಂದು ಹೇಳುವವರು ಬೇಕು.

ಯಜಮಾನಿಕೆ ಎರಡು ಪಾಲು. ರೋಗಿಗೆ ಏನು ಮಾಡಬೇಕು ಎಂಬುದರಲ್ಲಿ ಅಲ್ಲಿರುವವರಲ್ಲಿ ಹೆಚ್ಚಿನ ವೈದ್ಯಕೀಯ ಅರ್ಹತೆ ಇರುವವರ ಮಾತು ನಡೆಯುತ್ತದೆ, ಅವರು ವಯಸ್ಸಿನಲ್ಲಿ ಎಷ್ಟು ಚಿಕ್ಕವರಾಗಿರಲಿ. ಜಾಗದ ಸುರಕ್ಷತೆ, ಜನ, ವಾಹನ, ಇನ್ನಷ್ಟು ನೆರವು ಇವೆಲ್ಲ ಅಗ್ನಿಶಾಮಕ ಅಧಿಕಾರಿಯ ಹೊಣೆ. ಮನೆಯಲ್ಲಿ ಗ್ಯಾಸ್ ವಾಸನೆ ಬಂತು ಎನ್ನಿ, ಆಗ ಎಲ್ಲರೂ ಹೊರಗೆ ಎಂದು ಹೇಳುವ ಅಧಿಕಾರ ಅವರದು, ಪ್ಯಾರಾಮೆಡಿಕ್ ಕೂಡ ಕೇಳಲೇಬೇಕು. ಎರಡೂ ಪಾಲಿನ ಹಿಂದೆ ಒಬ್ಬ ವೈದ್ಯರಿರುತ್ತಾರೆ. ಅವರು ಬರೆದುಕೊಟ್ಟ ಸೂಚನೆಗಳ ಮೇಲೆ ಎಲ್ಲರೂ ಕೆಲಸ ಮಾಡುತ್ತಾರೆ, ಅನುಮಾನ ಬಂದರೆ ಫೋನು ಮಾಡಿ ಕೇಳುತ್ತಾರೆ. ನಮ್ಮ ಮದುವೆ ಮನೆಯ ಅಡುಗೆಯಲ್ಲಿ ಒಲೆಯ ಮುಂದೆ ಭಟ್ಟರ ಮಾತು, ಪಂಕ್ತಿಯಲ್ಲಿ ಬಡಿಸುವವರ ಮಾತು ಎಂದು ಹಂಚಿಕೆಯಾಗಿರುವ ಹಾಗೆ, ಇಲ್ಲಿಯೂ ಜಗಳಕ್ಕೆ ಜಾಗವಿಲ್ಲದಂತೆ ಮೊದಲೇ ಹಂಚಿಟ್ಟಿರುತ್ತಾರೆ. ನಿಮಗೆ ಗಲಾಟೆ ಕೇಳಿಸದೆ ಇದ್ದದ್ದು ಇದರಿಂದ. ಜೊತೆಗೆ, ಪ್ರತಿ ಹೃದಯ ಸ್ತಂಭನದ ಕರೆಯನ್ನೂ ಆಮೇಲೆ ಪರಿಶೀಲಿಸುತ್ತಾರೆ. ಎಷ್ಟು ಆಳಕ್ಕೆ ಒತ್ತಿದರು, ಎಷ್ಟು ಸೆಕೆಂಡು ಕೈ ತೆಗೆದರು ಎಂಬುದು ಯಂತ್ರದಲ್ಲಿ ದಾಖಲಾಗಿರುತ್ತದೆ. ಅದನ್ನು ತಂಡಕ್ಕೆ ತೋರಿಸುತ್ತಾರೆ. ಯಾರಾದರೂ ಕಣ್ಣೆದುರೇ ಕುಸಿದು, ಶಾಕ್‌ಗೆ ಸ್ಪಂದಿಸುವ ಬಗೆಯ ಸ್ತಂಭನವಾದರೆ ಕಿಂಗ್ ಕೌಂಟಿಯಲ್ಲಿ ಅರ್ಧದ ಆಸುಪಾಸು ಜನ ಬದುಕಿ ಮನೆಗೆ ಮರಳುತ್ತಾರೆ. ಜಗತ್ತಿನ ಹೆಚ್ಚಿನ ಊರುಗಳಿಗೆ ಇದು ಕನಸು.

ರಸ್ತೆ ಅಪಘಾತದಲ್ಲಿ ಇದೇ ಹಂಚಿಕೆ ಇನ್ನೂ ಸ್ಪಷ್ಟ. ಫೈರ್ ಇಂಜಿನ್ ರಸ್ತೆಗೆ ಓರೆಯಾಗಿ ಅಡ್ಡ ನಿಲ್ಲುತ್ತದೆ. ಹಿಂದಿನಿಂದ ವೇಗವಾಗಿ ಬರುವ ವಾಹನ ಗುದ್ದಿದರೂ ಆ ಭಾರೀ ಗಾಡಿಗೆ ಗುದ್ದಲಿ, ರಸ್ತೆಯಲ್ಲಿ ಮಂಡಿಯೂರಿದವರಿಗೆ ಬೇಡ ಎಂದು. ಜಜ್ಜಿದ ಕಾರಿನ ಬಾಗಿಲನ್ನು ಹೈಡ್ರಾಲಿಕ್ ಕತ್ತರಿಯಿಂದ ಬಿಡಿಸುವುದು ಫೈರ್‌ನವರು. ಅಷ್ಟರಲ್ಲಿ ಹಿಂದಿನ ಸೀಟಿಗೆ ನುಸುಳಿ ಗಾಯಾಳುವಿನ ತಲೆ, ಕುತ್ತಿಗೆ ಅಲುಗದಂತೆ ಹಿಡಿದು, ಮೇಲೊಂದು ಹೊದಿಕೆ ಹಾಕಿಕೊಂಡು ಮಾತಾಡಿಸುತ್ತ ಕೂರುವುದು ಆಂಬುಲೆನ್ಸ್‌ನವರು. ಯಾವ ಕಂಬ ಮೊದಲು ಕತ್ತರಿಸಬೇಕು ಎಂದು ಫೈರ್‌ನವರು ಕೇಳುತ್ತಾರೆ, ಕಾಲು ಎಲ್ಲಿ ಸಿಕ್ಕಿದೆ ಎಂದು ಒಳಗಿದ್ದವರು ಹೇಳುತ್ತಾರೆ.

ಎಲ್ಲ ಕಡೆಯೂ ಇದು ಇಷ್ಟು ಸೊಗಸಾಗಿ ನಡೆಯುವುದಿಲ್ಲ. ಅಮೆರಿಕದ ಹಲವು ಊರುಗಳಲ್ಲಿ ಇಂಜಿನ್ ನಗರಸಭೆಯದು, ಆಂಬುಲೆನ್ಸ್ ಖಾಸಗಿ ಕಂಪನಿಯದು. ರೇಡಿಯೋ ಬೇರೆ, ಮೇಲಧಿಕಾರಿ ಬೇರೆ, ತರಬೇತಿ ಬೇರೆ. ನ್ಯೂಯಾರ್ಕ್‌ನಲ್ಲಿ 1996ರಲ್ಲಿ ಆಂಬುಲೆನ್ಸ್ ಸೇವೆಯನ್ನು ಅಗ್ನಿಶಾಮಕ ಇಲಾಖೆಗೆ ಸೇರಿಸಿದರೂ ಎರಡು ಕಡೆಯವರ ಸಂಬಳದ ಅಂತರ ಇಂದಿಗೂ ಕೊರಗಾಗಿದೆ. ಸಣ್ಣಪುಟ್ಟ ಕರೆಗೂ ಅಷ್ಟು ದೊಡ್ಡ ಗಾಡಿ ಓಡಿಸುವುದು ದುಂದು ಎಂಬ ಟೀಕೆಯಲ್ಲೂ ಹುರುಳಿದೆ. ಅದಕ್ಕೇ ಕೆಲವು ನಗರಗಳು ಅಂಥ ಕರೆಗೆ ಚಿಕ್ಕ ವಾಹನ ಕಳಿಸುತ್ತಿವೆ. ಜಪಾನಿನಲ್ಲಿ ಆಂಬುಲೆನ್ಸ್ ಸೇವೆಯೇ ಅಗ್ನಿಶಾಮಕದವರದು, ಎರಡಕ್ಕೂ 119 ಒಂದೇ ಸಂಖ್ಯೆ. ಫ್ರಾನ್ಸ್‌ನಲ್ಲಿ ಮೊದಲು ಅಗ್ನಿಶಾಮಕದವರು, ಗಂಭೀರವಾದರೆ ಹಿಂದಿನಿಂದ ವೈದ್ಯರೇ ಗಾಡಿಯಲ್ಲಿ ಬರುತ್ತಾರೆ.

ಈಗ ನಮ್ಮ ವಿಚಾರ. ಕರ್ನಾಟಕದಲ್ಲಿ 108ರ ಆರೋಗ್ಯ ಕವಚ ಶುರುವಾದದ್ದು 2008ರ ನವೆಂಬರ್ 1ರಂದು. ಅದು ಉಳಿಸಿದ ಜೀವಗಳಿಗೆ, ಗಾಡಿಯೊಳಗೇ ಸುಸೂತ್ರವಾಗಿ ಆದ ಹೆರಿಗೆಗಳಿಗೆ ನಾವು ಋಣಿಗಳು. ಆದರೆ ಆ ಗಾಡಿಯಲ್ಲಿ ಬರುವವರು ಇಬ್ಬರು: ಒಬ್ಬ ಪೈಲಟ್, ಒಬ್ಬ ಇಎಂಟಿ. ಮೇಲೆ ಹೇಳಿದ ಕೋಣೆಯನ್ನು ಮತ್ತೊಮ್ಮೆ ನೆನೆದು ಲೆಕ್ಕ ಹಾಕಿ. ಒತ್ತಲು ಒಬ್ಬರು, ಬದಲಿಗೆ ಒಬ್ಬರು, ಉಸಿರಿಗೆ ಒಬ್ಬರು, ಯಂತ್ರಕ್ಕೆ, ಔಷಧಿಗೆ ಮತ್ತೊಬ್ಬರು. ನಮ್ಮಲ್ಲಿ ಪೈಲಟ್ ಸ್ಟಿಯರಿಂಗ್ ಹಿಡಿದ ಮೇಲೆ ಹಿಂದೆ ಉಳಿಯುವುದು ಒಬ್ಬರೇ. ಓಡುವ ಗಾಡಿಯಲ್ಲಿ, ಹಂಪ್‌ಗಳ ಮೇಲೆ, ಒಂದು ಕೈಯಲ್ಲಿ ಕಂಬಿ ಹಿಡಿದು ಎದೆ ಒತ್ತುವುದು ಯಾರಿಗೂ ಸಾಧ್ಯವಿಲ್ಲದ ಕೆಲಸ. ಲಿಫ್ಟ್ ಇಲ್ಲದ ಮೂರನೆಯ ಮಹಡಿಯಿಂದ, ಗಾಡಿ ಒಳಗೆ ಬಾರದ ಓಣಿಯಿಂದ ಸ್ಟ್ರೆಚರ್ ಹೊರುವವರು ಯಾರು? ಪಕ್ಕದ ಮನೆಯ ಹುಡುಗರು. ನಮ್ಮ ಕೊರತೆ ಇರುವುದು ಸಿಬ್ಬಂದಿಯ ಶ್ರದ್ಧೆಯಲ್ಲಿ ಅಲ್ಲ, ಅವರ ಸಂಖ್ಯೆಯಲ್ಲಿ.

ನಮ್ಮ ಅಗ್ನಿಶಾಮಕ ಇಲಾಖೆಯ ಹೆಸರಲ್ಲೇ ತುರ್ತು ಸೇವೆ ಎಂದಿದೆ. ಬಹುತೇಕ ತಾಲ್ಲೂಕು ಕೇಂದ್ರಗಳಲ್ಲಿ ಒಂದು ಠಾಣೆ ಇದೆ. ಅವರು ಬೆಂಕಿ ಕರೆಗಳ ಜೊತೆ ರಕ್ಷಣಾ ಕರೆಗಳಿಗೂ ಹೋಗುತ್ತಾರೆ: ಲಾರಿಯಡಿ ಸಿಕ್ಕವರು, ಬಾವಿಗೆ ಬಿದ್ದವರು, ಕುಸಿದ ಕಟ್ಟಡದೊಳಗಿನವರು, ಮಳೆಗಾಲದಲ್ಲಿ ಹೊಳೆಯ ನಡುವೆ ಸಿಕ್ಕಿಕೊಂಡವರು. ಅಪಘಾತದ ಸ್ಥಳದಲ್ಲಿ 108ರವರೂ ಅವರೂ ಹೆಗಲಿಗೆ ಹೆಗಲು ಕೊಟ್ಟು ದುಡಿಯುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಮನೆಯೊಳಗೆ ಒಬ್ಬರ ಹೃದಯ ನಿಂತಾಗ ಹತ್ತಿರದ ಠಾಣೆಯ ಜಲವಾಹನಕ್ಕೂ ಕರೆ ಹೋಗಬೇಕೆಂಬ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ. ಆಗಬಾರದೇಕೆ ಎಂಬ ನಿಮ್ಮ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ಪ್ರತಿ ಠಾಣೆಗೆ ಒಂದು ಎಇಡಿ, ಸಿಬ್ಬಂದಿಗೆ ವರ್ಷ ವರ್ಷವೂ ಅಭ್ಯಾಸ, ಹೃದಯ ಸ್ತಂಭನದ ಕರೆಯಾದರೆ ಎರಡೂ ಕಡೆಗೆ ಒಟ್ಟಿಗೆ ಗಂಟೆ ಬಾರಿಸುವ ವ್ಯವಸ್ಥೆ. ದೊಡ್ಡ ಗಾಡಿಯೇ ಬೇಕಿಲ್ಲ, ಬೆಂಗಳೂರಿನ ಸಂಚಾರದಲ್ಲಿ ಬೈಕಿನಲ್ಲಿ ಇಬ್ಬರು ಬಂದರೂ ಸಾಕು. 112 ಎಂಬ ಒಂದೇ ಸಂಖ್ಯೆಯಡಿ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರನ್ನೂ ತರುವ ರಾಷ್ಟ್ರೀಯ ಯೋಜನೆ ಇರುವಾಗ ಇದಕ್ಕೆ ಬೇಕಾದ ತಂತಿ ಅರ್ಧ ಎಳೆದಾಗಿದೆ. ಆದರೆ ಠಾಣೆಯ ಜನಬಲ ಹೆಚ್ಚಿಸದೆ ಹೊಸ ಹೊಣೆ ಹೊರಿಸಿದರೆ ಅದು ಅವರಿಗೆ ಮಾಡುವ ಅನ್ಯಾಯ. ಬೆಂಕಿಯ ಕರೆ ಬಂದಾಗ ಠಾಣೆ ಖಾಲಿಯಾಗಿರಬಾರದು.

ಹೃದಯಾಘಾತಕ್ಕೆ ನಮ್ಮಲ್ಲಿ ಒಳ್ಳೆಯ ಹೆಜ್ಜೆಯೊಂದು ಆಗಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲಿರುವ ತಜ್ಞರು ನೋಡಿ ಹೇಳುತ್ತಾರೆ, ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆದರೆ ಮನೆಯಲ್ಲೇ ಬಡಿತ ನಿಂತವರು ಆ ಆಸ್ಪತ್ರೆಯವರೆಗೆ ಮುಟ್ಟಬೇಕಲ್ಲ? ಆ ನಡುವಿನ ನಿಮಿಷಗಳಿಗೆ ಸದ್ಯ ಇರುವವರು ನಾವೇ. ಭಾರತದ ಅರಿವಳಿಕೆ ತಜ್ಞರ ಸಂಘ ಸಾಮಾನ್ಯ ಜನರಿಗಾಗಿಯೇ ಬಾಯಿಗೆ ಬಾಯಿಟ್ಟು ಊದುವ ಗೊಡವೆಯಿಲ್ಲದ, ಬರೀ ಎದೆ ಒತ್ತುವ ವಿಧಾನವನ್ನು ರೂಪಿಸಿ ಕಲಿಸುತ್ತಿದೆ. ಅರ್ಧ ದಿನ ಸಿಕ್ಕರೆ ಕಲಿಯಬಹುದು. ರಸ್ತೆಯಲ್ಲಿ ಗಾಯಾಳುವನ್ನು ಮುಟ್ಟಿದರೆ ಪೊಲೀಸ್ ಠಾಣೆ ಅಲೆಯಬೇಕಾದೀತು ಎಂಬ ಭಯಕ್ಕೂ ಈಗ ಕಾರಣವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಕರ್ನಾಟಕ ಅದಕ್ಕಾಗಿ ತನ್ನದೇ ಕಾಯ್ದೆ ಮಾಡಿದೆ. ಹೆಸರು ವಿಳಾಸ ಹೇಳೆಂದು ಯಾರೂ ಬಲವಂತ ಮಾಡುವಂತಿಲ್ಲ.

ಯಾರಾದರೂ ಕುಸಿದರೆ ಶಿವಮೊಗ್ಗದಲ್ಲಾಗಲಿ ಬೆಲ್‌ವ್ಯೂನಲ್ಲಾಗಲಿ ಮನೆಯವರು ಮಾಡಬೇಕಾದ್ದು ಒಂದೇ ಬಗೆಯದು. ಫೋನನ್ನು ಸ್ಪೀಕರ್‌ಗೆ ಹಾಕಿ ನೆಲದ ಮೇಲಿಡಿ, ಕೈ ಬಿಡುವಾಗಿರಲಿ. ಮೊದಲು ವಿಳಾಸ, ಹತ್ತಿರದ ಗುರುತು ಹೇಳಿ. ಅವರು ಹೇಳುವವರೆಗೆ ಫೋನ್ ಇಡಬೇಡಿ. ಒಬ್ಬರು ಗೇಟಿಗೆ ಹೋಗಿ ದಾರಿ ತೋರಿಸಲಿ, ನಾಯಿ ಇದ್ದರೆ ಕಟ್ಟಿಹಾಕಲಿ, ಮುಂಬಾಗಿಲು ತೆರೆದಿಡಲಿ. ಅಮೆರಿಕದಲ್ಲಿ ಇಂಗ್ಲಿಷ್ ತಡವರಿಸಿದರೆ ಭಾಷೆಯ ಹೆಸರು ಹೇಳಿ, ಫೋನಿನಲ್ಲೇ ದುಭಾಷಿಯನ್ನು ಸೇರಿಸುವ ಏರ್ಪಾಡು ಬಹಳಷ್ಟು 911 ಕೇಂದ್ರಗಳಲ್ಲಿದೆ. 911ಕ್ಕೆ ಮಾಡುವ ಬದಲು ಮಗಳಿಗೋ ಅಳಿಯನಿಗೋ ಮೊದಲು ಫೋನ್ ಮಾಡುವ ಅಭ್ಯಾಸ ನಮ್ಮ ಹಿರಿಯರಲ್ಲಿದೆ. ಅವರು ಕಚೇರಿಯಿಂದ ಮತ್ತೆ 911ಕ್ಕೆ ಹೇಳುವಷ್ಟರಲ್ಲಿ ಆ ನಾಲ್ಕು ನಿಮಿಷ ಮುಗಿದಿರುತ್ತದೆ. ನೇರವಾಗಿ 911ಕ್ಕೇ ಮಾಡಿ.

ಕೊನೆಯದು ಮಾತ್ರೆ ಡಬ್ಬಿ. ರೋಗಿ ಮಾತಾಡದಿರುವಾಗ ಅವರ ಕಾಯಿಲೆಯ ಚರಿತ್ರೆ ಹೇಳುವುದು ಆ ಡಬ್ಬಿಗಳೇ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಬಿದ್ದ ಪೆಟ್ಟಿನಿಂದ ತಲೆಯೊಳಗೆ ರಕ್ತ ಸೋರಿರಬಹುದೆಂದು ಅನುಮಾನಿಸುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆಯಿದ್ದರೆ ಮೊದಲು ಸಕ್ಕರೆ ಇಳಿದಿದೆಯೇ ಎಂದು ನೋಡುತ್ತಾರೆ. ಇಲ್ಲಿಂದ ಆರು ತಿಂಗಳಿಗೆ ಬೇಕಾದಷ್ಟು ಮಾತ್ರೆ ಕಟ್ಟಿಕೊಂಡು ಹೋಗುವ ನಮ್ಮವರಿಗೆ ಇಲ್ಲೊಂದು ತೊಡಕಿದೆ. ಇಕೋಸ್ಪ್ರಿನ್, ಟೆಲ್ಮಾ ಎಂಬ ಹೆಸರು ಹೇಳಿದರೆ ಅಲ್ಲಿನವರಿಗೆ ಗುರುತು ಸಿಗುವುದಿಲ್ಲ. ಆಸ್ಪಿರಿನ್, ಟೆಲ್ಮಿಸಾರ್ಟಾನ್ ಎಂದರೆ ತಕ್ಷಣ ತಿಳಿಯುತ್ತದೆ. ಹೊರಡುವ ಮೊದಲು ನಿಮ್ಮ ವೈದ್ಯರ ಹತ್ತಿರವೋ ಔಷಧಿ ಅಂಗಡಿಯಲ್ಲೋ ಕೂತು ಪ್ರತಿ ಮಾತ್ರೆಯ ಮೂಲ ಹೆಸರು, ಮಿಲಿಗ್ರಾಂ, ಹೊತ್ತು, ಜೊತೆಗೆ ಒಗ್ಗದ ಔಷಧಿ ಯಾವುದಾದರೂ ಇದ್ದರೆ ಅದನ್ನೂ ಇಂಗ್ಲಿಷಿನಲ್ಲಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಒಂದು ಪ್ರತಿ ಪರ್ಸಿನಲ್ಲಿರಲಿ, ಇನ್ನೊಂದು ಮಗಳ ಮನೆಯ ಫ್ರಿಜ್ ಬಾಗಿಲ ಮೇಲೆ.